ಕಡಲು ಇಲ್ಲದ ನಕ್ಷೆ

ಮೊನ್ನೆ ಬೆಳಿಗ್ಗೆ ಮಲ್ಪೆಗೆ ಮೀನು ತರಲು ಹೋಗಿದ್ದೆ. ಐಸ್ ಪ್ಲಾಂಟಿನ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದಾಗ ಅಮೋನಿಯದ ವಾಸನೆ ಮೂಗಿಗೆ ಬಡಿಯಿತು. ಉಳಿದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನೊಬ್ಬ ಹುಚ್ಚನ ಹಾಗೆ ಅಲ್ಲೇ ನಿಂತು ಉಸಿರು ಎಳೆದುಕೊಂಡೆ. ಉಡುಪಿಯ ನಮ್ಮ ಹಳೆಯ ಡ್ರಾಯಿಂಗ್ ಆಫೀಸಿನ ವಾಸನೆ ಅದು. ಮನೆ ಪ್ಲಾನುಗಳ ಪ್ರಿಂಟ್ ತೆಗೆಯುವ ಯಂತ್ರಕ್ಕೆ ಆಗ ಅಮೋನಿಯ ಬೇಕಿತ್ತು. ಯಂತ್ರದ ಪಕ್ಕ ಕಿಟಕಿ, ಕಿಟಕಿಯ ಬಳಿ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಬಾಯಮ್ಮ...

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದುಂಟು. ನಮ್ಮ ಆಫೀಸಿಗೆ ಬಾಯಮ್ಮ ಎಂದರೆ ಅವರೊಬ್ಬರೇ. ಉದ್ಯಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ನಾನು ಡಿಪ್ಲೊಮಾ ಮುಗಿಸಿ ಸೇರಿದವನು, ಆದ್ದರಿಂದ ನನ್ನ ತಲೆ ಸ್ವಲ್ಪ ಮೇಲೆಯೇ ಇತ್ತು. ಪ್ಲಾನುಗಳ ಜೊತೆಗೆ ಮದುವೆ ಕಾಗದದ ಹಿಂಬದಿಗೆ ದಾರಿಯ ನಕ್ಷೆ ಬರೆದುಕೊಡುವ ಕೆಲಸವೂ ನಮ್ಮಲ್ಲಿಗೆ ಬರುತ್ತಿತ್ತು. ಅದು ಬಾಯಮ್ಮನ ಇಲಾಖೆ.

ನಾನು ಬರೆದ ಮೊದಲ ನಕ್ಷೆಯಲ್ಲಿ ದೇವಸ್ಥಾನ, ಬ್ಯಾಂಕು, ಎರಡು ಮೆಡಿಕಲ್ ಶಾಪು, ಒಂದು ಸೈಕಲ್ ರಿಪೇರಿ ಅಂಗಡಿ ಎಲ್ಲವೂ ಇದ್ದವು. ಬಾಯಮ್ಮ ಕನ್ನಡಕ ಏರಿಸಿ ನೋಡಿದರು.

"ಇವರಿಗೆ ಮದುವೆಗೆ ಹೋಗ್ಲಿಕ್ಕುಂಟಾ, ಅಲ್ಲ ಸೈಕಲ್ ಪಂಚರ್ ಹಾಕ್ಲಿಕ್ಕುಂಟಾ ಮಾರಾಯ?"

ಅವರ ಪರೀಕ್ಷೆಗಳು ವಿಚಿತ್ರವಾಗಿದ್ದವು. ನಕ್ಷೆಯನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸಿನ ಜೆರಾಕ್ಸ್ ಮಾಡಿಸಿ, ಅದರದ್ದೂ ಒಂದು ಮಾಡಿಸಿ, ಮೂರನೆಯ ಪ್ರತಿಯಲ್ಲೂ ದಾರಿ ಕಂಡರೆ ಮಾತ್ರ ಅದು ಪಾಸು. ನನ್ನ ಸೂಕ್ಷ್ಮ ಗೆರೆಗಳೆಲ್ಲ ಎರಡನೆಯದರಲ್ಲೇ ಮಾಯವಾಗುತ್ತಿದ್ದವು. ಆಮೇಲೆ ಮೆಟ್ಟಿಲ ಬುಡದಲ್ಲಿ ಮಲ್ಲಿಗೆ ಮಾರುವವಳ ಕೈಗೆ ಕೊಟ್ಟು, "ಎಲ್ಲಿ ಇಳೀತಿ, ಯಾವ ಕಡೆ ತಿರುಗ್ತಿ, ತೋರಿಸು" ಎನ್ನುವರು. ಅವಳ ಬೆರಳು ತಡವರಿಸಿತೋ, ನಕ್ಷೆ ವಾಪಸು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಿಪ್ಲೊಮಾದವನ ಕೆಲಸಕ್ಕೆ ಹೂವಿನವಳು ಮಾರ್ಕು ಹಾಕುವುದೇ!

ಒಮ್ಮೆ ಬಾಯಮ್ಮ ಮೂರು ದಿನ ರಜೆ ಹಾಕಿದ್ದರು. ಆಗಲೇ ಒಬ್ಬ ಹೆಂಗಸು ಮಗಳ ಮದುವೆಯ ಕಾಗದ ಹಿಡಿದುಕೊಂಡು ಬಂದರು. ಉಡುಪಿಯವರು, ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮದುವೆ ಕಾಪುವಿನಲ್ಲಿ, ಹೆದ್ದಾರಿಯಿಂದ ಪಡುವಣಕ್ಕೆ, ಹೊಸದಾಗಿ ಕಟ್ಟಿದ ಒಂದು ಮದುವೆ ಹಾಲಿನಲ್ಲಿ. ಹೆಚ್ಚಿನ ನೆಂಟರು ಉಡುಪಿಯಿಂದಲೇ ಬರುವವರಲ್ಲವೇ ಎಂದು ನಾನು ಉಡುಪಿಯನ್ನು ಕಾಗದದ ಕೆಳಗೂ ಕಾಪುವಿನಿಂದ ತೆಂಕಣಕ್ಕಿರುವ ಪಡುಬಿದ್ರಿಯನ್ನು ಮೇಲೂ ಇಟ್ಟೆ. ಹೀಗೆ ಹಾಲು ರಸ್ತೆಯ ಬಲಕ್ಕೆ ಬಂತು. ಜಾಗ ಸಾಲದೆ ಕಡಲನ್ನು ಬಿಟ್ಟೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನು ಮಾತ್ರ ಕೆಳಮುಖವಾಗಿ, ನವಿಲುಗರಿಯ ಹಾಗೆ ಚಂದ ಮಾಡಿ ಬರೆದೆ. ಯಾರಿಗೂ ತೋರಿಸದೆ ಪ್ರೆಸ್ಸಿಗೆ ಕಳಿಸಿದೆ.

ಮದುವೆ ಕಳೆದು ಎರಡು ವಾರಕ್ಕೆ ಆ ಹೆಂಗಸು ಮತ್ತೆ ಬಂದರು. ಕುರ್ಚಿಯಲ್ಲಿ ಕೂತವರೇ ಅತ್ತರು. ತಂದೆಯಿಲ್ಲದ ಹುಡುಗಿಗೆ ಧಾರೆ ಎರೆಯಬೇಕಾದವರು ಸೋದರಮಾವ, ಅಂದರೆ ಇವರ ಅಣ್ಣ. ಅವರು ಕಾರ್ಕಳದಿಂದ ಪಡುಬಿದ್ರಿಗಾಗಿ ಬರುವವರು. ಹನ್ನೆರಡರ ಅಭಿಜಿನ್ ಲಗ್ನ ಮೀರುತ್ತಾ ಬಂತು, ಪುರೋಹಿತರು ಬೈಯತೊಡಗಿದರು, ಅವರ ಪತ್ತೆಯಿಲ್ಲ. ಕೊನೆಗೆ ದೂರದ ಒಬ್ಬ ದೊಡ್ಡಪ್ಪ ಧಾರೆ ಎರೆದರು. ಅಣ್ಣ ಬೆವರು ಒರೆಸುತ್ತಾ ಬಂದಾಗ ಊಟದ ಎಲೆ ಹಾಕಿಯಾಗಿತ್ತು. ಊಟ ಮಾಡದೆ ಹಿಂದಿರುಗಿದರು.

"ನನಗಾಗಿ ಹತ್ತು ನಿಮಿಷ ಕಾಯ್ಲಿಕ್ಕೆ ಆಗ್ಲಿಲ್ಲ ಅಲ್ವಾ ನಿನಗೆ ಅಂದ್ರು. ಮತ್ತೆ ಮಾತೇ ಇಲ್ಲ" ಎಂದು ಆ ಹೆಂಗಸು ಕಣ್ಣೊರೆಸಿಕೊಂಡರು. "ಕಾಗದದಲ್ಲಿ ಇದ್ದ ಹಾಗೆಯೇ ಬಂದೆ ಅಂತ ಬೇರೆಯವರ ಹತ್ರ ಹೇಳ್ತಾರಂತೆ. ಇದರಲ್ಲಿ ಎಂತಾದ್ರೂ ತಪ್ಪು ಉಂಟಾ, ನೋಡಿ."

ಬಾಯಮ್ಮ ಕಾಗದ ತಿರುಗಿಸಿ ನೋಡಿದರು. ಒಂದು ಕ್ಷಣ ಸಾಕಾಯಿತು. ನನ್ನ ಕಡೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಕಡಲು ಎಲ್ಲಿ ಉಂಟು?"

ಕಡಲನ್ನು ನಾನು ಬರೆದೇ ಇರಲಿಲ್ಲ. ಈ ಕರಾವಳಿಯಲ್ಲಿ ಉತ್ತರ ದಿಕ್ಕಿನ ಬಾಣ ನೋಡುವವರು ಯಾರು? ಪಡು ಎಂದರೆ ಕಡಲು, ಮೂಡು ಎಂದರೆ ಗುಡ್ಡ, ನಮ್ಮ ದಿಕ್ಕು ಅಷ್ಟೇ. ಪಡುಬಿದ್ರಿಯಿಂದ ಬಂದವರು ಕಾಗದದಲ್ಲಿ ಹಾಲು ಬಲಕ್ಕಿದ್ದುದನ್ನು ನಂಬಿ ತಮ್ಮ ಬಲಕ್ಕೆ, ಅಂದರೆ ಮೂಡಣಕ್ಕೆ, ಗದ್ದೆಗಳ ಕಡೆಗೆ ತಿರುಗಿದ್ದರು. ಕಡಲೆಂದು ಎರಡು ಅಲೆ ಗೀಚಿದ್ದರೂ ಅವರು ದಾರಿ ತಪ್ಪುತ್ತಿರಲಿಲ್ಲ.

ಮರುದಿನ ಬಾಯಮ್ಮ ನನ್ನನ್ನು ಕಾರ್ಕಳದ ಬಸ್ಸು ಹತ್ತಿಸಿದರು. ಆ ಸೋದರಮಾವನ ಮನೆಯ ಚಾವಡಿಯಲ್ಲಿ ನಾವು ಕೂತೆವು. ಅವರ ಮುಖ ಗಂಟು ಹಾಕಿಕೊಂಡೇ ಇತ್ತು. ಬಾಯಮ್ಮ ಮದುವೆ ಕಾಗದವನ್ನು ಮೇಜಿನ ಮೇಲಿಟ್ಟು ನನಗೆ, "ಹೇಳು" ಎಂದರು. ಅವರೇ ಹೇಳಿಯಾರು ಎಂದುಕೊಂಡು ಬಂದಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಅಣ್ಣ, ಇದನ್ನು ಬರೆದದ್ದು ನಾನು. ನಿಮ್ಮದು ತಪ್ಪಲ್ಲ, ತಂಗಿಯದೂ ಅಲ್ಲ. ನಿಮ್ಮ ಕಡೆಯಿಂದ ಬರುವವರಿಗೆ ಎಡಕ್ಕೆ ಇರಬೇಕಾದ್ದನ್ನು ಬಲಕ್ಕೆ ತೋರಿಸಿದ್ದೇನೆ."

ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಪಡುಬಿದ್ರಿಯಿಂದ ಬೆರಳು ಇಟ್ಟುಕೊಂಡು ನಿಧಾನವಾಗಿ ಬಂದರು. ಬೆರಳು ಹಾಲಿನ ಮೇಲೆ ನಿಂತಿತು.

"ಹಾಗಾದ್ರೆ ಅವಳು ಕಾದದ್ದು ಹೌದಾ?"

"ಲಗ್ನ ಮೀರುವವರೆಗೆ ಕಾದಿದ್ದಾರೆ" ಎಂದರು ಬಾಯಮ್ಮ. "ಪುರೋಹಿತರಿಂದ ಬೈಸಿಕೊಂಡೂ ಕಾದಿದ್ದಾರೆ."

ಅವರು ಕಾಗದವನ್ನು ಮಡಚಿ ಬದಿಗಿಟ್ಟರು. ಆಮೇಲೆ ಒಳಗೆ ಮಜ್ಜಿಗೆಗೆ ಹೇಳಿದರು. "ಗೊತ್ತುಂಟಾ? ಅಲ್ಲಿ ಗದ್ದೆ ಆಚೆ ಬೇರೆ ಒಂದು ಮದುವೆ ಇತ್ತು. ನನ್ನನ್ನು ಕರೆದು ಬೆಲ್ಲ ನೀರು ಕೊಟ್ಟು ಎದುರಿನ ಸಾಲಿನಲ್ಲಿ ಕೂರಿಸಿದ್ರು. ಕಾಲು ಗಂಟೆ ಕೂತೆ. ಮದುಮಗಳು ಬಂದಾಗಲೇ ಗೊತ್ತಾದ್ದು, ಇವಳು ನಮ್ಮವಳಲ್ಲ ಅಂತ!" ಹೇಳಿ ಅವರೇ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಮುಂದಿನ ಆದಿತ್ಯವಾರ ಅವರು ತಂಗಿಯ ಮನೆಗೆ ಹೋದರೆಂದು ಆಮೇಲೆ ತಿಳಿಯಿತು.

ಬಸ್ಸಿನಲ್ಲಿ ಹಿಂದಿರುಗುವಾಗ ಬಾಯಮ್ಮ ಉಪದೇಶವನ್ನೇನೂ ಮಾಡಲಿಲ್ಲ. "ಇನ್ನು ನನಗೆ ತೋರಿಸದೆ ಪ್ರೆಸ್ಸಿಗೆ ಕಳಿಸಿದ್ರೆ ಕೈ ಮುರೀತೇನೆ" ಎಂದು ಹೇಳಿ, ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದರು.

ಈಗ ನಾನು ಮಣಿಪಾಲದಲ್ಲಿ ನಕ್ಷೆ ತಯಾರಿಸುವ ಕಂಪೆನಿಯೊಂದರಲ್ಲಿದ್ದೇನೆ. ಹುಡುಗರು ಕಂಪ್ಯೂಟರಿನಲ್ಲಿ ಹತ್ತು ಬಣ್ಣದ ನಕ್ಷೆ ಮಾಡಿ ತರುತ್ತಾರೆ. ನಾನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಕ್ಯಾಂಟೀನಿನವರ ಕೈಗೆ ಕೊಟ್ಟು ದಾರಿ ತೋರಿಸಲು ಹೇಳಿ ಬನ್ನಿ ಎನ್ನುತ್ತೇನೆ. ಬೆನ್ನ ಹಿಂದೆ ನಗುತ್ತಾರೆ. ನಗಲಿ.

ಬಾಯಮ್ಮ ಕಳೆದ ವರ್ಷ ತೀರಿಹೋದರು. ನನಗೆ ಸುದ್ದಿ ಮುಟ್ಟಿದ್ದು ವಾರ ಕಳೆದ ಮೇಲೆ. ಜೊತೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ಒಮ್ಮೆಯೂ ಅವರ ಮನೆಗೆ ಹೋದವನಲ್ಲ ನಾನು. ಪ್ರತಿ ಕ್ರಿಸ್ಮಸ್ಸಿಗೆ ಕರೆಯುತ್ತಿದ್ದರು, ನಾನು "ಬರ್ತೇನೆ ಬಾಯಮ್ಮ" ಎನ್ನುತ್ತಿದ್ದೆ, ಮರುದಿನ ಅವರೇ ಡಬ್ಬಿಯಲ್ಲಿ ಕುಸ್ವಾರ್ ತಿಂಡಿ ತಂದುಕೊಡುತ್ತಿದ್ದರು. ಸುದ್ದಿ ತಿಳಿದ ಮೇಲೆ ಉದ್ಯಾವರದಲ್ಲಿ ಇಳಿದು, ಮೂರು ಕಡೆ ಕೇಳಿ, ಒಮ್ಮೆ ದಾರಿ ತಪ್ಪಿ ಆ ಮನೆಗೆ ಮುಟ್ಟಿದೆ. ಜಗಲಿಯಲ್ಲಿ ಬಾಯಮ್ಮನ ಜೊತೆಗೇ ಇದ್ದ ಅವರ ತಂಗಿಯ ಪಕ್ಕ ಮುದುಕರಿಬ್ಬರು ಕೂತಿದ್ದರು. ಕಾರ್ಕಳದ ಆ ಸೋದರಮಾವ, ಮತ್ತು ಅಂದು ಮದುವೆ ಕಾಗದ ತಂದಿದ್ದ ಅವರ ತಂಗಿ.

"ಓ, ನೀನಾ!" ಎಂದರು ಆ ಅಣ್ಣ. "ನಾವು ಪ್ರತಿ ಕ್ರಿಸ್ಮಸ್ಸಿಗೆ ಒಟ್ಟಿಗೆ ಬರ್ತೇವೆ. ನಿನ್ನನ್ನು ಇಲ್ಲಿ ಕಂಡದ್ದೇ ಇಲ್ಲ ಅಲ್ವಾ?"

ನಾಚಿಕೆಯಾಯಿತು, ಅಳುವೂ ಬಂತು. ಅವರ ಮುಂದೆಯೇ ಅತ್ತೆ.

ಬಾಯಮ್ಮನ ತಂಗಿ ಈಗ ಹೆಜಮಾಡಿಯಲ್ಲಿ ಮಗಳ ಜೊತೆ ಇದ್ದಾರೆ, ಉದ್ಯಾವರದ ಮನೆಗೆ ಬೀಗ ಹಾಕಿದ್ದಾರೆ. ಬೀಗ ಹಾಕಿದ ಆ ಮನೆಗೆ ಹೋಗುವ ದಾರಿ ಈಗ ನನಗೆ ಯಾರನ್ನೂ ಕೇಳದೆ ಗೊತ್ತು.