ಷಡ್ಡಕನ ಮೋಟಾರು

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ನಮ್ಮ ಪಂಪ್‌ಹೌಸಿಗೆ ಅವನನ್ನು ಸೇರಿಸಿದವನೇ ನಾನು. ಸ್ಪ್ಯಾನರ್ ಹಿಡಿಯಲು ಕಲಿಸಿದವನೂ ನಾನೇ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅವನದೇ ಮಾತು. ಮೋಟಾರಿನ ಪಾದದಡಿ ಕೂದಲೆಳೆಯಷ್ಟು ಸಂದಿದ್ದರೂ ತೆಳು ತಗಡಿನ ಚೂರು ತೂರಿಸಿ ಸಮ ಮಾಡುತ್ತಾನೆ. ಮೋಟಾರಿನ ಶಾಫ್ಟು ಪಂಪಿನ ಶಾಫ್ಟಿಗೆ ನೇರ ಬರುವ ತನಕ ಊಟಕ್ಕೂ ಏಳುವುದಿಲ್ಲ. ನನಗೂ ಅದೆಲ್ಲ ಬರುತ್ತದೆ ಸ್ವಾಮಿ! ಆದರೆ ನಾನು ಮಾಡಿದರೆ ಬರೀ ಕೆಲಸ, ಅವನು ಮಾಡಿದರೆ ಕೈಚಳಕ.

ಮನೆಯಲ್ಲೂ ಇದೇ ಪಾಡು. ಅತ್ತೆಯ ಫ್ಯಾನು ಕೆಟ್ಟಿತೆಂದು ನಾನು ಸ್ಟೂಲು ಹತ್ತಿದರೆ, "ಇಳೀರಿ, ಚಿಕ್ಕ ಅಳಿಯಂದ್ರು ಬರ್ತಾರೆ" ಅನ್ನುತ್ತಾರೆ. ನನ್ನ ಮೈಯೆಲ್ಲ ಉರಿಯುತ್ತದೆ. "ನಿಮ್ಮ ಹೊಟ್ಟೆಯುರಿ ಮೇಲೇ ಅಡುಗೆ ಮಾಡ್ಬಹುದು, ಒಲೆ ಯಾಕೆ ಹಚ್ಬೇಕು?" ಎಂದು ಹೆಂಡತಿ ನಗುತ್ತಾಳೆ.

ಹಳೆಯ ಫೋರ್‌ಮನ್ ನಿವೃತ್ತಿಗೆ ತಿಂಗಳಿರುವಾಗ ಹೊಸ ಮೋಟಾರು ಬಂತು. ಆನೆಮರಿಯಷ್ಟು ದೊಡ್ಡದು. ಮ್ಯಾನೇಜರು ಅದನ್ನು ಕೂರಿಸುವ ಹೊಣೆಯನ್ನು ಷಡ್ಡಕನಿಗೆ ಕೊಟ್ಟು, "ಇದು ಸುಸೂತ್ರವಾಗಿ ಓಡಿದ್ರೆ ಫೋರ್‌ಮನ್ ಜಾಗ ನಿಂದೇ" ಎಂದರು. ನನಗೆ ಅವನ ಕೈಕೆಳಗೆ ಬೋಲ್ಟ್ ಬಿಗಿಯುವ ಕೆಲಸ. ಆ ಜಾಗಕ್ಕಾಗಿ ನಾನು ಇಪ್ಪತ್ತು ವರ್ಷದಿಂದ ಕಾದಿದ್ದೆ.

ನಮ್ಮಲ್ಲೊಂದು ಕಟ್ಟುನಿಟ್ಟಿದೆ. ಮೋಟಾರಿಗೆ ಕೈ ಹಚ್ಚುವ ಪ್ರತಿಯೊಬ್ಬನೂ ಕರೆಂಟಿನ ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಒಬ್ಬನ ಬೀಗವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ತನ್ನ ಬೀಗ ತಾನು ತೆಗೆದನೆಂದರೆ, ನನ್ನ ಕಡೆಯಿಂದ ಎಲ್ಲ ಸರಿಯಿದೆ ಎಂದು ಮಾತು ಕೊಟ್ಟ ಹಾಗೆ.

ಮ್ಯಾನೇಜರೆದುರು ಚಾಲೂ ಮಾಡುವ ಹಿಂದಿನ ದಿನ, ಪಂಪಿಗೆ ಜೋಡಿಸುವ ಮೊದಲು, ಮೋಟಾರನ್ನು ಒಂದೇ ಕ್ಷಣ ಓಡಿಸಿ ಯಾವ ದಿಕ್ಕಿಗೆ ತಿರುಗುತ್ತದೆಂದು ನೋಡಿದ್ದೆವು. ಸರಿಯಿತ್ತು. ಆಮೇಲೆ ಕಪ್ಲಿಂಗ್ ಹಾಕಿ ಎರಡನ್ನೂ ಜೋಡಿಸಿದೆವು. ಮರುದಿನ ಬೆಳಿಗ್ಗೆ ಷಡ್ಡಕ ಆಫೀಸಿನಲ್ಲಿದ್ದಾಗ ವೈರ್‌ಮನ್ ಬಂದ. ಬಿರುಕು ಬಿಟ್ಟ ತುದಿಯೊಂದನ್ನು ಬದಲಿಸಲು ಕೇಬಲ್‌ಗಳನ್ನು ಬಿಚ್ಚಿ, ಮತ್ತೆ ಕಟ್ಟಿ, ಮುಚ್ಚಳ ಹಾಕಿ ಹೋದ. ಮುಚ್ಚಳ ಹಾಕುವ ಮೊದಲೇ ಪಕ್ಕದಲ್ಲಿ ಮೊಣಕಾಲೂರಿದ್ದ ನನ್ನ ಕಣ್ಣಿಗೆ ಬಿತ್ತು: ಎಡಕ್ಕಿದ್ದ ಕೆಂಪು ಟೇಪಿನ ಕೇಬಲ್ ಬಲಕ್ಕೆ ಹೋಗಿದೆ, ಬಲಗಡೆಯ ನೀಲಿ ಎಡಕ್ಕೆ ಬಂದಿದೆ. ಹಾಗಾದರೆ ಮೋಟಾರು ತಿರುಗಾಮುರುಗಾ ತಿರುಗುತ್ತದೆ. ಪಂಪಿನೊಳಗಿನ ಚಕ್ರ ಬಿಚ್ಚಿಕೊಂಡು ಕವಚ ಸೀಳಿದರೂ ಸೀಳೀತು.

ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೆದುರು ಷಡ್ಡಕ ಮುಖಕ್ಕೆ ಮಸಿ ಬಳಿದುಕೊಳ್ಳಲಿ ಅಂದುಕೊಂಡೆ. ಹೌದು, ಅಂದುಕೊಂಡೆ. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಹೋಗಿ ನನ್ನ ಬೀಗ ತೆಗೆದೆ.

ಒಬ್ಬೊಬ್ಬರೇ ಬೀಗ ತೆಗೆದರು. ಮ್ಯಾನೇಜರು ಷಡ್ಡಕನನ್ನು ಕೇಳಿದರು: "ಇನ್ನೊಂದ್ಸಲ ಎಲ್ಲಾ ನೋಡ್ತೀಯಾ?"

"ಬೇಡ ಸರ್. ಬೆಳಗ್ಗೆಯಿಂದ ಭಾವ ಮೋಟಾರ್ ಹತ್ರಾನೇ ಇದ್ರು. ಅವ್ರೇ ಬೀಗ ತೆಗೆದ್ರು ಅಂದ್ಮೇಲೆ ಮತ್ತೇನು ನೋಡೋದು?"

ಹಾಗೆಂದವನೇ ಹೋಗಿ ಪಂಪಿನ ಪಕ್ಕ ಕೂತು, ಬೇರಿಂಗಿನ ಮೇಲೆ ಅಂಗೈ ಇಟ್ಟ. ಮೋಟಾರು ಎದ್ದಾಗ ಅದುರು ಹೇಗಿದೆಯೆಂದು ಕೈಯಿಂದಲೇ ತಿಳಿಯಬೇಕೆಂದು ಕಲಿಸಿದವನು ನಾನು. ಕವಚ ಸೀಳಿದರೆ ಮೊದಲು ಅವನ ಎದೆಗೇ.

ಆಪರೇಟರು ಸ್ವಿಚ್ಚಿನ ಹಿಡಿಗೆ ಕೈ ಹಾಕುವಷ್ಟರಲ್ಲಿ ಓಡಿಹೋಗಿ, ಅವನನ್ನು ತಳ್ಳಿ, ನನ್ನ ಬೀಗವನ್ನು ಮತ್ತೆ ಜಡಿದೆ.

"ಏನಯ್ಯಾ, ತಲೆಗಿಲೆ ಕೆಟ್ಟಿದೆಯಾ?" ಎಂದು ಮ್ಯಾನೇಜರು ಗುಡುಗಿದರು.

"ಕೇಬಲ್ ಅದಲುಬದಲಾಗಿದೆ ಸರ್. ಕಪ್ಲಿಂಗ್ ಬಿಚ್ಚಿ ನೋಡಿ."

ಬಿಚ್ಚಿ, ಒಂದು ಕ್ಷಣ ಓಡಿಸಿದರು. ಉಲ್ಟಾ ತಿರುಗಿತು. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ಕಣ್ಣು ಅಂದ್ರೆ ಇದು!" ಎಂದರು. ಆ ವಾರವೇ ಫೋರ್‌ಮನ್ ಜಾಗ ನನಗೆ ಬಂತು. ಅತ್ತೆ ಕೂಡ ಮೊದಲ ಸಲ, "ದೊಡ್ಡ ಅಳಿಯಂದ್ರು ದೊಡ್ಡ ಅಳಿಯಂದ್ರೇ" ಅಂದರು.

ಮೋಟಾರು ಉಲ್ಟಾ ತಿರುಗಿದ ದಿನವೇ ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಷಡ್ಡಕ ಒಬ್ಬನೇ ಸಿಕ್ಕ.

"ಭಾವ, ಕೇಬಲ್ ಬದಲಾಗಿದ್ದು ಯಾವಾಗ ನೋಡಿದ್ರಿ?"

ಸುಳ್ಳು ಬಾಯಿಗೆ ಬರಲಿಲ್ಲ. "ಬೆಳಗ್ಗೆ," ಎಂದೆ.

ಅವನು ಸೋಪು ನನ್ನ ಕೈಗೆ ಕೊಟ್ಟು ಹೋದ. ಯಾರಿಗೂ ಹೇಳಲಿಲ್ಲ, ತನ್ನ ಹೆಂಡತಿಗೂ ಹೇಳಿಲ್ಲವೆಂದು ನನಗೆ ಗೊತ್ತು, ಹೇಳಿದ್ದರೆ ಆ ಸುದ್ದಿ ನನ್ನ ಮನೆಗೆ ಬರುತ್ತಿರಲಿಲ್ಲವೇ? ಈಗಲೂ ನನ್ನನ್ನು ಭಾವ ಅಂತಲೇ ಕರೆಯುತ್ತಾನೆ, ಹೇಳಿದ ಕೆಲಸವನ್ನೆಲ್ಲ ಮಾಡುತ್ತಾನೆ. ಒಂದೇ ವ್ಯತ್ಯಾಸ. ನನ್ನ ಬೀಗ ನಾನು ತೆಗೆದ ಮೇಲೆ, ಅವನು ತನ್ನದನ್ನು ತೆಗೆಯದೆ ಮೋಟಾರಿನ ಹತ್ತಿರ ಹೋಗಿ, ಮುಚ್ಚಳ ಬಿಚ್ಚಿ, ಕೆಂಪು ಎಲ್ಲಿದೆ, ನೀಲಿ ಎಲ್ಲಿದೆ ಎಂದು ತಾನೇ ನೋಡಿ ಬರುತ್ತಾನೆ. ಅಲ್ಲಿಯ ತನಕ ಫೋರ್‌ಮನ್ ಆದ ನಾನು ಸ್ವಿಚ್ಚಿನ ಪಕ್ಕ ನಿಂತು ಕಾಯುತ್ತೇನೆ.