ಅರ್ಧ ಗಂಟೆ ಚಿಕ್ಕಮ್ಮನ ಕೌದಿ

ನಮ್ಮ ಚಿಕ್ಕಮ್ಮನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ‘ಅರ್ಧ ಗಂಟೆ’. ಏನು ಕೇಳಿದರೂ ‘ಅರ್ಧ ಗಂಟೆ ಕೊಡು, ಹೊಲಿದು ಕೊಡ್ತೀನಿ’ ಎನ್ನುವುದೇ ಅವಳ ಉತ್ತರ. ಕೆಲಸ ಬಟ್ಟೆ ರಿಪೇರಿ ಅಂಗಡಿಯಲ್ಲಿ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಹೊಟ್ಟೆ ಬೆಳೆಸಿಕೊಂಡವರ ಸೊಂಟ ಬಿಚ್ಚಿ ಅಗಲ ಮಾಡುವುದು. ಉಳಿದ ಚೂರುಗಳು ಅಂಗಡಿಯವನಿಗೆ ಕಸ, ಇವಳಿಗೆ ಬಂಗಾರ. ಪಕ್ಕದ ಮನೆ ಮೇಷ್ಟರಿಗೆ ಕನ್ನಡಕದ ಚೀಲ, ಬಸ್ ಡ್ರೈವರಿಗೆ ಸೀಟಿನ ಮೆತ್ತೆ, ನನಗೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಳು ಹನ್ನೊಂದು. ನಿಮ್ಮ ಹುಟ್ಟುಹಬ್ಬ ಎಂದು ಅವಳಿಗೆ ಬೆಳಿಗ್ಗೆ ಗೊತ್ತಾದರೆ ಸಾಕು, ಮಧ್ಯಾಹ್ನದೊಳಗೆ ಉಡುಗೊರೆ ನಿಮ್ಮ ಕೈಯಲ್ಲಿ.

ಹುಟ್ಟಿದ ಮಗುವಿನ ಕೌದಿಯ ವಿಷಯ ಮಾತ್ರ ಬೇರೆ. ನಮ್ಮ ಮನೆಯ ಯಾವ ಮಗುವೂ ಚಿಕ್ಕಮ್ಮನ ಕೌದಿ ಹೊದೆಯದೆ ಆಸ್ಪತ್ರೆಯಿಂದ ಮನೆಗೆ ಬಂದಿಲ್ಲ. ಮನೆಯ ಪ್ರತಿಯೊಬ್ಬರ ಹಳೇ ಬಟ್ಟೆಯ ಒಂದೊಂದು ತುಂಡು ಅದರಲ್ಲಿ ಇರಲೇಬೇಕು, ಅವಳದೊಂದನ್ನು ಬಿಟ್ಟು. ಮಗು ಹುಟ್ಟುವ ತನಕ ಆ ಕೌದಿಗೆಂದು ಅವಳು ಸೂಜಿಯನ್ನೂ ಮುಟ್ಟುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಇಪ್ಪತ್ತು ವರ್ಷದ ಹಿಂದೆ, ಹುಟ್ಟಲಿರುವ ತನ್ನ ಮಗುವಿಗೆಂದು ತನ್ನದೇ ಬಟ್ಟೆ ಕತ್ತರಿಸಿ ಮೊದಲೇ ಒಂದು ಕೌದಿ ಹೊಲಿದಿಟ್ಟಿದ್ದಳು. ಮಗು ಉಳಿಯಲಿಲ್ಲ. ಆಮೇಲೆ ಮಕ್ಕಳೂ ಆಗಲಿಲ್ಲ. ತನ್ನ ಬಟ್ಟೆ ಮಕ್ಕಳಿಗೆ ಆಗಿಬರುವುದಿಲ್ಲ ಎಂದು ಅವಳೇ ತೀರ್ಮಾನ ಮಾಡಿಬಿಟ್ಟಳು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮದುವೆಯಾದ ಒಂಬತ್ತು ವರ್ಷಕ್ಕೆ ನನ್ನ ತಂಗಿ ಹೆತ್ತಳು. ಹೆಣ್ಣು ಮಗು, ಮೂರು ವಾರ ಮೊದಲೇ ಬಂದುಬಿಟ್ಟಿತು. ಐದು ದಿನ ಇರಲಿ ಎಂದಿದ್ದ ಡಾಕ್ಟರು ಎರಡನೇ ದಿನವೇ ಮನಸ್ಸು ಬದಲಿಸಿದರು. ಬೆಳಿಗ್ಗೆ ಹನ್ನೊಂದಕ್ಕೆ ತಂಗಿಯ ಫೋನು.

“ಅಕ್ಕಾ, ಇಬ್ರೂ ಚೆನ್ನಾಗಿದೀವಂತೆ, ಇವತ್ತು ನಾಲ್ಕು ಗಂಟೆಗೇ ಕಳಿಸ್ತಾರಂತೆ! ಚಿಕ್ಕಮ್ಮಂಗೆ ಹೇಳು, ಕೌದಿ ಬರೋ ತನಕ ನಾನು ಈ ಮಂಚ ಬಿಟ್ಟು ಏಳಲ್ಲ.”

ನಾನು ಓಡಿದೆ. ಚಿಕ್ಕಮ್ಮ ಮಗು ನೋಡಲು ಹೊರಟು ನಿಂತಿದ್ದಳು. ಮೈಮೇಲೆ ಹೊಸ ಹಸಿರು ನಿಲುವಂಗಿ. ಊರಿಗೆಲ್ಲ ಹೊಲಿಯುವವಳು ಎಷ್ಟೋ ವರ್ಷದ ಮೇಲೆ ತನಗೆಂದು ಹೊಲಿದುಕೊಂಡ ಬಟ್ಟೆ ಅದು. ಮನೆಯವರ ಹಳೇ ಬಟ್ಟೆಗಳು ಹಿಂದಿನ ದಿನವಷ್ಟೇ ಬಂದು ಗಂಟಿನಲ್ಲಿ ಕೂತಿದ್ದವು.

“ನಾಲ್ಕಕ್ಕೇ ಕಳಿಸ್ತಾರಂತೆ, ಇರೋದು ಐದೇ ಗಂಟೆ ಚಿಕ್ಕಮ್ಮಾ! ಆಗುತ್ತಾ?”

“ಐದು ಗಂಟೆ ಅಂದ್ರೆ ಹತ್ತು ಅರ್ಧ ಗಂಟೆ ಕಣೇ! ಕತ್ತರಿ ತಗೋ.”

ಬಟ್ಟೆ ಬದಲಿಸಲೂ ಅವಳಿಗೆ ಪುರುಸೊತ್ತಿರಲಿಲ್ಲ. ಅಂಗೈ ಅಗಲದ ರಟ್ಟು ಇಟ್ಟು ನಾನು ಚೌಕ ಕತ್ತರಿಸುತ್ತಾ ಹೋದೆ. ಅಜ್ಜಿಯ ದಿಂಬಿನ ಹೊದಿಕೆ, ತಂಗಿಯ ಕಾಲೇಜಿನ ಅಂಗಿ, ಬ್ರೆಡ್ ವ್ಯಾನ್ ಓಡಿಸುವ ಚಿಕ್ಕಪ್ಪನ ಮಾಸಿದ ಪ್ಯಾಂಟು. ನಾನು ಕತ್ತರಿಸಿ ಮುಗಿಸುವ ಮೊದಲೇ ಅವಳ ಕೈ ಚಾಚಿರುತ್ತಿತ್ತು. ಹೊಲಿಗೆ ಯಂತ್ರ ಕಿವಿ ಕಿತ್ತುಹೋಗುವಂತೆ ಓಡಿತು.

“ಅಯ್ಯೋ, ನೀಲಿ ಪಕ್ಕ ನೀಲಿ ಇಟ್ಟಿದೀಯಲ್ಲ! ಕಣ್ಣು ಎಲ್ಲಿಟ್ಕೊಂಡಿದೀಯ?”

“ಗಡಿಯಾರದ ಮೇಲೆ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಂದೂವರೆಗೆ ಮೂವತ್ತಾರು ಚೌಕ ಸೇರಿ ಒಂದಾದವು. ಕೆಳಗೆ ಬಿಳಿ ಹತ್ತಿ ಬಟ್ಟೆ, ನಡುವೆ ಮೆತ್ತನೆಯ ಹಳೇ ಕಂಬಳಿ, ಮೇಲೆ ಚೌಕಗಳು. ಮೂರನ್ನೂ ಹಿಡಿದು ಕೂಡಿಸುವ ಕೈಹೊಲಿಗೆ ಬಾಕಿ. ಅಂಚುಗಳ ಕಡೆ ನಾನು, ನಡುವೆ ಅವಳು.

ಈ ಕೆಲಸಕ್ಕೆ ಚಿಕ್ಕಮ್ಮ ತೊಡೆಯ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳುತ್ತಾಳೆ. ಸೂಜಿ ಕೆಳಗಿಳಿದಾಗ ತಟ್ಟೆಗೆ ತಾಗಿ ಟಿಕ್ ಎನ್ನಬೇಕು. ಅಷ್ಟಾದರೆ ಮೂರೂ ಪದರ ದಾಟಿತು ಎಂದು ಲೆಕ್ಕ. ಅವತ್ತು ಆ ತಟ್ಟೆಯಲ್ಲಿ ನಾನು ಬ್ರೆಡ್ಡು ಹಾಕಿಕೊಂಡು ತಿನ್ನುತ್ತಿದ್ದೆ! ಮಗುವಿನ ಮೂಗು ಯಾರದ್ದು, ಹೆಸರೇನಿಡಬೇಕು ಎಂದು ಬಾಯಿ ಬಿಡುವಿಲ್ಲದೆ ಹರಟಿದೆವು. ಟಿಕ್ ಎನ್ನುವ ಸದ್ದಿಲ್ಲವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೂರೂವರೆಗೆ ಹೊರಗೆ ಚಿಕ್ಕಪ್ಪನ ವ್ಯಾನಿನ ಹಾರ್ನ್ ಕೇಳಿಸಿತು.

“ಆಯ್ತು! ಮುಗೀತು!” ಎಂದು ಚಿಕ್ಕಮ್ಮ ದಾರ ಕಚ್ಚಿ ಎದ್ದಳು. ಅವಳ ಜೊತೆ ಕೌದಿಯೂ ಎದ್ದಿತು.

ಎಳೆದಳು. ಬರಲಿಲ್ಲ. ತಿರುಗಿಸಿ ನೋಡಿದರೆ ನಡುವಿನ ಸಾಲುಗಳೆಲ್ಲ ಹೊಸ ನಿಲುವಂಗಿಯನ್ನೂ ಸೇರಿಸಿ ಹೊಲಿದುಕೊಂಡಿವೆ, ಗೇಣುದ್ದ, ಗೇಣಗಲ.

“ಬಿಚ್ಚೇ, ಬೇಗ ಬಿಚ್ಚೇ,” ಎಂದಳು.

“ಬಿಚ್ಚೋಕೆ ಒಂದು ಗಂಟೆ ಬೇಕು. ಅಲ್ಲಿ ಅವಳು ಕಾಯ್ತಿದಾಳೆ.” ನಾನು ಕತ್ತರಿ ಎತ್ತಿಕೊಂಡೆ. “ನಿಲುವಂಗಿ ಕತ್ತರಿಸಿಬಿಡ್ತೀನಿ.”

“ಬೇಡ! ನಿಲುವಂಗಿ ಹಾಳಾಗಿ ಹೋಗ್ಲಿ. ನನ್ನ ಬಟ್ಟೆ ಆ ಮಗು ಮೈಗೆ ತಾಕಬಾರ್ದು. ನಿಂಗೊತ್ತಲ್ಲ.”

ನನಗೆ ಅಳುವೂ ಬಂತು, ಕೋಪವೂ ಬಂತು.

“ನಂಗೇನೂ ಗೊತ್ತಿಲ್ಲ. ನಮ್ಮನ್ನೆಲ್ಲ ಎತ್ತಿ ಆಡಿಸಿದ ಕೈ ನಿಂದು. ಅದು ಆಗಿಬಂದಿದೆ, ಬಟ್ಟೆ ಆಗಿಬರಲ್ವಾ? ಸುಮ್ನೆ ನಿಂತ್ಕೋ!”

ಕರಕರನೆ ಕತ್ತರಿಸಿದೆ. ಕೌದಿಯ ಬಿಳಿ ಬೆನ್ನಿಗೆ ಹಸಿರು ತುಂಡು ಅಂಟಿಕೊಂಡೇ ಉಳಿಯಿತು. ನಿಲುವಂಗಿಯ ಮುಂಭಾಗದಲ್ಲಿ ಕಿಟಕಿಯಷ್ಟು ತೂತು. ಒಳಗೆ ಬಂದ ಚಿಕ್ಕಪ್ಪ ಒಂದು ಸಲ ಅವಳನ್ನು, ಒಂದು ಸಲ ಕೌದಿಯನ್ನು ನೋಡಿ, ತಮ್ಮ ಕೆಲಸದ ಬಿಳಿ ಕೋಟು ಬಿಚ್ಚಿ ಅವಳಿಗೆ ತೊಡಿಸಿದರು.

ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ನಡುವೆ ಕೂತೆವು. ಹಸಿರು ತುಂಡಿನ ಅಂಚಿನಿಂದ ನೂಲು ಉದುರುತ್ತಿತ್ತು. ಮುಂದಿನಿಂದ ಚಿಕ್ಕಪ್ಪ, “ಅಂಚು ಮಡಚಿ ಹೊಲಿಯೇ. ಮಗು ಬೆರಳು ಸಿಕ್ಕೊಂಡೀತು,” ಎಂದರು. ಚಿಕ್ಕಮ್ಮ ಉದುರಿದ ನೂಲನ್ನೆಲ್ಲ ಕೊಡವಿ ಸೂಜಿ ತೆಗೆದಳು. ನಾಲ್ಕೂ ಅಂಚು ಮಡಚಿ ಹೊಲಿದಳು, ವ್ಯಾನು ಕುಲುಕಿದರೂ ಒಂದು ಹೊಲಿಗೆ ಸೊಟ್ಟಗಾಗಲಿಲ್ಲ.

ಆಸ್ಪತ್ರೆ ತಲುಪಿದಾಗ ನಾಲ್ಕು ಹೊಡೆದು ಎರಡು ನಿಮಿಷ. ತಂಗಿ ಹೇಳಿದಂತೆಯೇ ಮಂಚ ಬಿಟ್ಟು ಎದ್ದಿರಲಿಲ್ಲ. ನರ್ಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೌದಿ ಕಂಡದ್ದೇ ತಂಗಿಯ ಮುಖ ಅರಳಿತು. ಒಂದೊಂದೇ ಚೌಕ ಮುಟ್ಟಿ ಇದು ಅಜ್ಜಿ, ಇದು ನಾನು, ಇದು ಚಿಕ್ಕಪ್ಪ ಎಂದು ಗುರುತು ಹಿಡಿದಳು. ಆಮೇಲೆ ತಿರುವಿ ಹಾಕಿದಳು.

“ಇದ್ಯಾರದು ಹಸಿರು?”

“ನಂದು,” ಚಿಕ್ಕಮ್ಮ ಕೋಟಿನ ಗುಂಡಿ ತಿರುವುತ್ತಾ ಹೇಳಿದಳು. “ತಪ್ಪಿ ಸೇರ್ಕೊಂಡ್ಬಿಡ್ತು. ಮನೆಗೆ ಹೋದ್ಮೇಲೆ ಅರ್ಧ ಗಂಟೆ ಕೊಡು, ಬಿಚ್ಚಿ ತೆಗೆದ್ಬಿಡ್ತೀನಿ.”

“ಕೊಡಲ್ಲ ಚಿಕ್ಕಮ್ಮಾ,” ಎಂದಳು ತಂಗಿ. “ಇದಕ್ಕೆ ಅರ್ಧ ನಿಮಿಷಾನೂ ಕೊಡಲ್ಲ.”

ಹಸಿರು ತುಂಡು ಮೇಲೆ ಬರುವಂತೆ ಕೌದಿ ಹಾಸಿ, ಸರಿಯಾಗಿ ಅದರ ಮೇಲೆ ಮಗುವನ್ನು ಮಲಗಿಸಿ ಸುತ್ತಿದಳು. ಸುತ್ತಿ, ಚಿಕ್ಕಮ್ಮನ ಕೈಗೇ ಕೊಟ್ಟಳು. “ವ್ಯಾನ್ ತನಕ ನೀನೇ ಎತ್ಕೊಂಡು ಬಾ.”

ನಮ್ಮ ಮನೆಯ ಅಷ್ಟೂ ಮಕ್ಕಳಿಗೆ ಕೌದಿ ಹೊಲಿದವಳು ಆಸ್ಪತ್ರೆಯಿಂದ ಒಂದು ಮಗುವನ್ನೂ ತಾನೇ ಎತ್ತಿ ತಂದವಳಲ್ಲ. ತೂತುಬಿದ್ದ ನಿಲುವಂಗಿಯ ಮೇಲೆ ಬ್ರೆಡ್ ವ್ಯಾನಿನ ಕೋಟು ಹಾಕಿಕೊಂಡು, ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವಳು ಹೆಜ್ಜೆ ಎಣಿಸುವಂತೆ ನಡೆದಳು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ನಾನೇ ಒರೆಸಿದೆ. ಗಾಜಿನ ಬಾಗಿಲಾಚೆ ಅವಳನ್ನು ಕಂಡ ಚಿಕ್ಕಪ್ಪ, ಆಸ್ಪತ್ರೆಯೆನ್ನುವುದನ್ನೂ ಮರೆತು, ಬಿಡದೆ ಹಾರ್ನ್ ಹೊಡೆದರು.