ಡ್ರೈವರ್ ತಟ್ಟೆ

ಮಕ್ಕಳೇ, ನಿಮ್ಮಪ್ಪ ಓಡಿಸುವ ಬಸ್ಸಿನಲ್ಲಿ ನಾನು ಒಂದು ಹಗಲೆಲ್ಲ ಸುತ್ತಿ ಬಂದೆ. ಬೆಳಿಗ್ಗೆ ನಮ್ಮೂರು ಕಲ್ಯದಿಂದ ಆಟೋದಲ್ಲಿ ಮಾಗಡಿಗೆ ಹೋಗಿ ಬಸ್ಸು ಹತ್ತಿದೆ. ಅಲ್ಲಿಂದ ರಾಮನಗರ, ಆಮೇಲೆ ಕನಕಪುರ. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ನಯಾಜ್ ಟಿಕೆಟ್ಟಿನ ಮಾತೇ ಎತ್ತದೆ ನನ್ನನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದ.

ನಾನು ಹೊರಟಿದ್ದಕ್ಕೆ ಕಾರಣವಿತ್ತು. ನಿಮ್ಮಪ್ಪ ಶಿವಣ್ಣನ ಹೊಟ್ಟೆ ಸ್ಟೀರಿಂಗಿಗೆ ತಾಗುವಷ್ಟು ಬೆಳೆದಿತ್ತು, ಸಕ್ಕರೆಯೂ ಏರಿತ್ತು. ಲೈಸೆನ್ಸ್ ಹೊಸದು ಮಾಡಿಸಲು ಸರ್ಟಿಫಿಕೇಟ್ ಕೇಳಿದರೆ ಡಾಕ್ಟರು, "ಯುಗಾದಿ ಆದ್ಮೇಲೆ ಬನ್ನಿ. ತೂಕ ಇಳಿದಿಲ್ಲ ಅಂದ್ರೆ ಸೈನ್ ಹಾಕಲ್ಲ" ಎಂದಿದ್ದರು. ಬಸ್ಸು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ನಾನು ಡಬ್ಬಿಗೆ ಒಂದೇ ಮುದ್ದೆ, ಸೊಪ್ಪಿನ ಸಾರು ಕಟ್ಟುತ್ತಿದ್ದೆ. ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು, ಹೊಟ್ಟೆ ಮಾತ್ರ ಹಾಗೇ ಇತ್ತು. ಇದೇನೆಂದು ಕಣ್ಣಾರೆ ನೋಡಬೇಕೆನಿಸಿತು.

ಅಂದೂ ಅವನು ಮಾಗಡಿಯಲ್ಲೇ ಮುದ್ದೆ ಉಂಡು ಬಸ್ಸು ತೆಗೆದ. ದಾರಿಯಲ್ಲಿ ರೇಷ್ಮೆಗೂಡಿನ ಚೀಲಗಳು ಹತ್ತಿದವು, ಬಸ್ಸೆಲ್ಲ ಅದೇ ವಾಸನೆ. ನಯಾಜ್ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇದ್ದ. ಶಿವಣ್ಣ ಕೂತಲ್ಲಿಂದ ಅಲುಗಲಿಲ್ಲ.

ರಾಮನಗರ ಇನ್ನೂ ಒಸಿ ದೂರವಿರುವಾಗ ಒಂದು ಹೋಟೆಲಿನ ಮುಂದೆ ಬಸ್ಸು ನಿಂತಿತು. ಜನರೆಲ್ಲ ಕಾಫಿಗೆ ಇಳಿದರು. ಬಸ್ಸು ನಿಂತರೆ ಹೋಟೆಲಿಗೆ ವ್ಯಾಪಾರ. ಅದಕ್ಕೆ ಡ್ರೈವರ್ ಕಂಡಕ್ಟರ್‌ಗೆ ಊಟ ತಿಂಡಿ ಪುಕ್ಕಟೆ. ಅವರಿಗೆಂದೇ ಒಳಗೊಂದು ಮೇಜು. ಶಿವಣ್ಣ ಕೂರುವ ಮೊದಲೇ ಪೂರಿ, ಎರಡು ವಡೆ, ತುಪ್ಪ ಜಿನುಗುವ ಕೇಸರಿಬಾತು ಬಂದವು.

"ಮುದ್ದೆ ಉಂಡ್ಮೇಲೂ ಇದಾ?" ಎಂದೆ.

"ಬ್ಯಾಡ ಅಂದ್ರೆ ಬೇಜಾರ್ ಮಾಡ್ಕತ್ತಾರೆ ಕಣವ್ವ. ಬೇರೆ ಹೋಟ್ಲು ಹಿಡ್ಕಂಡ ಅಂದ್ಕತ್ತಾರೆ."

"ಕನಕಪುರದಲ್ಲೂ ಹಿಂಗೇಯಾ?"

ಅವನು ಹೂಂ ಅಂದು ವಡೆಗೆ ಕೈ ಚಾಚಿದ.

ಗಂಡಸರ ಎದುರು ಹೋಟೆಲಿನಲ್ಲಿ ಕೂತು ಉಂಡವಳಲ್ಲ ನಾನು. ಆದರೂ ಕುರ್ಚಿ ಎಳೆದು ಕೂತು ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಹೋಟೆಲಿನ ಪುಟ್ಟಸ್ವಾಮಿ ಓಡಿ ಬಂದ.

"ಅಜ್ಜಿ, ನಿಮ್ಗೆ ಬೇರೆ ಕೊಡ್ತೀನಿ. ಅದು ಡ್ರೈವರ್ ತಟ್ಟೆ."

"ಡ್ರೈವರನ್ನ ಹೆತ್ತೋಳು ನಾನು. ನಂಗೆ ಸೇರಿದ್ರೆ ಅವನಿಗೆ ಸೇರ್ದಂಗೇಯ. ಅವನಿಗೊಂದು ಲೋಟ ನೀರುಮಜ್ಜಿಗೆ ಕೊಡಪ್ಪ. ಅಷ್ಟಕ್ಕೇ ದಿನಾ ಬಸ್ಸು ಇಲ್ಲೇ ನಿಲ್ತದೆ."

"ಲೇ ಶಿವಣ್ಣ, ನಿನ್ ಕುರ್ಚಿ ಹೋಯ್ತು ಕಣ್ಲಾ!" ಎಂದು ನಯಾಜ್ ನಕ್ಕ. ಪುಟ್ಟಸ್ವಾಮಿಯೂ ನಕ್ಕು ಮಜ್ಜಿಗೆ ತಂದ. ನಾನು ಒಂದು ಚೂರೂ ಬಿಡದೆ ತಿಂದೆ. ಬಿಟ್ಟಿದ್ದರೆ ಅದು ಅವನ ಪಾಲಾಗುತ್ತಿತ್ತು.

ಕನಕಪುರ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿನ ಹೋಟೆಲಿಗೆ ನಾನು ಇಳಿಯಲಿಲ್ಲ. ದಿನಾ ಅವನ ಹಿಂದೆ ನಾನಿರುತ್ತೇನೆಯೇ? ಕಿಟಕಿಯಿಂದ ನೋಡಿದೆ. ಹೋಟೆಲಿನವನು ಅನ್ನ, ಬೋಂಡ ತುಂಬಿದ ತಟ್ಟೆ ಇಟ್ಟ. ಶಿವಣ್ಣ ತಟ್ಟೆಯನ್ನೇ ನೋಡುತ್ತ ನಿಂತ. ಕೂತನೆಂದರೆ ಮುಗಿಯಿತು ಎಂದುಕೊಂಡು ಎದುರಿನ ಕಂಬಿ ಹಿಡಿದುಕೊಂಡೆ. ಅವನು ಕೂರಲಿಲ್ಲ. ತಟ್ಟೆ ಆಚೆ ಸರಿಸಿ ಏನೋ ಹೇಳಿದ. ಹೋಟೆಲಿನವನು ಬಸ್ಸಿನ ಕಡೆ ಕತ್ತೆತ್ತಿ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಶಿವಣ್ಣ ಮಜ್ಜಿಗೆ ಕುಡಿದು ಬಂದು ಸೀಟಿಗೆ ಹತ್ತಿ ಬಸ್ಸು ತೆಗೆದ. "ಏನಂದ್ಯಪ್ಪ ಅವನಿಗೆ?" ಎಂದೆ.

"ಮಜ್ಜಿಗೆ ಸಾಕು, ಹೆಚ್ಗೆ ಇಟ್ರೆ ನಮ್ಮವ್ವ ಇಳಿದು ಬತ್ತಾಳೆ. ಅವಳು ಬಂದ್ರೆ ನಿನ್ ಹೋಟ್ಲಲ್ಲಿ ಒಂದು ಅಗುಳೂ ಉಳಿಯಾಕಿಲ್ಲ ಅಂದೆ."

ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಿಂದೆ ಸರಿಯುತ್ತಿದ್ದ ಕನಕಪುರವನ್ನೇ ನೋಡುತ್ತ ಕೂತೆ.